ವಿದ್ಯುತ್ತಿನ ಬೆಲೆ ಮತ್ತು ಪ್ರಜೆಯ ಮಾತು

ವಿದ್ಯುಚ್ಛಕ್ತಿಯ ಉತ್ಪಾದನೆಯೂ ವಿತರಣೆಯೂ ತಜ್ಞರ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಆ ಶಕ್ತಿಯ ಬೆಲೆಯನ್ನು ಯಾರು ಎಷ್ಟು ತೆರತಕ್ಕದ್ದು, ಯಾರಿಗೆ ಎಷ್ಟು ವಿನಾಯಿತಿ ಸಲ್ಲತಕ್ಕದ್ದು, ಆದ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯತಕ್ಕದ್ದು ಎಂಬ ಪ್ರಶ್ನೆಗಳು ಯಂತ್ರಶಾಸ್ತ್ರಕ್ಕೆ ಸೇರಿದವಲ್ಲ, ನ್ಯಾಯವಿಚಾರಕ್ಕೆ ಸೇರಿದವು. ಈ ಎರಡು ಬಗೆಯ ಪ್ರಶ್ನೆಗಳನ್ನು ಒಂದೇ ಎಂದೆಣಿಸಿ, ಎರಡಕ್ಕೂ ತಜ್ಞರೇ ಉತ್ತರ ಹೇಳಬೇಕೆಂದು ಭಾವಿಸಿದುದೇ ನಮ್ಮ ದೇಶದ ವಿದ್ಯುತ್ ಸುಧಾರಣೆಯ ಮೊದಲ ಪ್ರಮಾದವೆಂದು ತೋರುತ್ತದೆ.

1995ರಲ್ಲಿ ಒರಿಸ್ಸಾ, 1998ರಲ್ಲಿ ಆಂಧ್ರಪ್ರದೇಶ, 1999ರಲ್ಲಿ ಕರ್ನಾಟಕ, ಹೀಗೆ ಒಂದರ ಬೆನ್ನಿಗೊಂದು ರಾಜ್ಯಗಳು ಸುಧಾರಣಾ ಕಾಯಿದೆಗಳನ್ನು ರಚಿಸಿ, ಹಳೆಯ ವಿದ್ಯುತ್ ಮಂಡಳಿಗಳನ್ನು ವಿಭಜಿಸಿ, ದರವನ್ನು ನಿರ್ಣಯಿಸಲು ನಿಯಂತ್ರಣ ಆಯೋಗಗಳನ್ನು ಸ್ಥಾಪಿಸಿದವು. ಇದರಿಂದಾಗಿ, 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ತಾಂಡೂರು, ಬೀದರ್ ಜಿಲ್ಲೆಯಿಂದ ಬೇರ್ಪಟ್ಟ ಜಹೀರಾಬಾದ್ ಮತ್ತು ನಾರಾಯಣಖೇಡ, ಇವುಗಳ ಕನ್ನಡಿಗರು ಹೈದರಾಬಾದಿನ ಆಯೋಗದ ಅಧೀನರಾದರು. ಗಡಿಯಾಚೆಯ ಸೇಡಂ, ಚಿಂಚೋಳಿಗಳಲ್ಲಿನ ಅವರ ಬಂಧುಗಳು ಬೆಂಗಳೂರಿನ ಆಯೋಗದ ಅಧೀನರಾದರು.

ಆಂಧ್ರದ ಅನುಭವವು ವಿಶೇಷವಾಗಿ ವಿಚಾರಾರ್ಹವಾದುದು. ವಿಶ್ವ ಬ್ಯಾಂಕಿನ ಸಾಲದ ಬೆಂಬಲದೊಡನೆ ಸುಧಾರಣೆ ಆರಂಭವಾಗಿ, 2000ದಲ್ಲಿ ಹೊಸ ಆಯೋಗದ ಮೊದಲ ದರ ಆದೇಶ ಹೊರಬಿದ್ದಾಗ, ಏರಿದ ದರದ ವಿರುದ್ಧ ರಾಜ್ಯವೆಲ್ಲ ಎದ್ದು ನಿಂತಿತು. ಆ ವರ್ಷದ ಆಗಸ್ಟ್ 28ರಂದು ವಿಧಾನಸಭೆಯ ಕಡೆಗೆ ನಡೆದ ಜನರ ಮೇಲೆ ಹೈದರಾಬಾದಿನ ಬಷೀರ್‌ಬಾಗಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಮೂವರು ಪ್ರಾಣ ತೆತ್ತರು. ಆದೇಶಕ್ಕೆ ಮುನ್ನ ಸಾರ್ವಜನಿಕ ವಿಚಾರಣೆ ನಡೆದೇ ಇತ್ತು. ಹಾಗಿದ್ದೂ ಜನ ಬೀದಿಗಿಳಿದುದೇಕೆ? ದರ ಎಷ್ಟಿರಬೇಕೆಂದು ಕೇಳುವ ಹೊತ್ತಿಗೆ, ಸುಧಾರಣೆ ಯಾವ ದಾರಿ ಹಿಡಿಯಬೇಕು, ಸಾಲವನ್ನು ಯಾವ ಕರಾರಿನ ಮೇಲೆ ತರಬೇಕು ಎಂಬ ಮೂಲ ಸಂಗತಿಗಳು ಜನರನ್ನು ಕೇಳದೆಯೇ ನಿಶ್ಚಯವಾಗಿದ್ದವು. ನಿರ್ಣಯ ಮುಗಿದ ಮೇಲೆ ಅಭಿಪ್ರಾಯ ಕೇಳುವುದು ಉಪಚಾರವಾದೀತೇ ಹೊರತು ಭಾಗವಹಿಕೆಯಾಗದು.

2003ರ ವಿದ್ಯುತ್ ಕಾಯಿದೆ ಈ ಉಪಚಾರಕ್ಕೆ ಶಾಸನದ ಬಲ ಕೊಟ್ಟಿದೆ. ದರವನ್ನು ನಿರ್ಣಯಿಸುವ ಮುನ್ನ ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳೆಲ್ಲವನ್ನೂ ಆಯೋಗವು ಪರಿಶೀಲಿಸತಕ್ಕದ್ದೆಂದು 64ನೆಯ ಕಲಮು ವಿಧಿಸುತ್ತದೆ. ಆಯೋಗದ ವ್ಯವಹಾರ ಪಾರದರ್ಶಕವಾಗಿರಬೇಕೆಂದು 86ನೆಯದು ಹೇಳುತ್ತದೆ. ಸರ್ಕಾರ ಯಾರಿಗಾದರೂ ಸಹಾಯಧನ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿಯೇ ಸಲ್ಲಿಸಬೇಕೆಂದು 65ನೆಯದು ಕಟ್ಟಳೆ ಹಾಕುತ್ತದೆ. ಹೀಗಿರಲಾಗಿ, ಹಕ್ಕು ಇದೆಯೇ ಎಂಬುದು ಇಂದಿನ ಪ್ರಶ್ನೆಯಲ್ಲ. ಅದನ್ನು ಚಲಾಯಿಸುವ ಸಾಮರ್ಥ್ಯ ಯಾರಿಗಿದೆ ಎಂಬುದೇ ಪ್ರಶ್ನೆ.

ಈಗ ತೆಲಂಗಾಣದಲ್ಲಿರುವ ತಾಂಡೂರಿನ ಸೀಮೆಯನ್ನೇ ನೋಡೋಣ. 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿಯ ತೊಗರಿ ಬಹುಮಟ್ಟಿಗೆ ಮಳೆಯನ್ನು ನಂಬಿದ ಬೆಳೆ. 2004ರಿಂದ ನಡೆದುಬಂದ, 2018ರ ಜನವರಿಯಿಂದ ತೆಲಂಗಾಣದಲ್ಲಿ ಇಪ್ಪತ್ತನಾಲ್ಕು ಗಂಟೆಗೂ ವಿಸ್ತರಿಸಿದ ಕೃಷಿಯ ಉಚಿತ ಕರೆಂಟು, ಕೊಳವೆಬಾವಿಯಿಲ್ಲದ ತೊಗರಿ ಬೆಳೆಗಾರನ ಹೊಲಕ್ಕೆ ತಲುಪುವುದೇ ಇಲ್ಲ. ಹಾಸುಗಲ್ಲನ್ನು ಕೊಯ್ದು ನಯಗೊಳಿಸುವ ಸಣ್ಣ ಕಾರ್ಖಾನೆಯವನೂ ಬೇಳೆ ಗಿರಣಿಯವನೂ ಕೈಗಾರಿಕೆಯ ದರದಲ್ಲಿ ಬಿಲ್ಲು ಕಟ್ಟುತ್ತಾರೆ. ಇತರರಿಗೆ ಕೊಟ್ಟ ರಿಯಾಯಿತಿಯ ಭಾರದ ಒಂದಂಶ ಕೈಗಾರಿಕೆಯ ದರದಲ್ಲಿ ಅಡಗಿರುವುದು ವಾಡಿಕೆ. ಈ ಹಂಚಿಕೆ ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಅದನ್ನು ತೀರ್ಮಾನಿಸುವ ಸಭೆಯಲ್ಲಿ ಇವರ ಮಾತು ಕೇಳಬರಬೇಕಾದುದಂತೂ ನ್ಯಾಯ. ಸಿಮೆಂಟು ಕಾರ್ಖಾನೆಯಂತಹ ದೊಡ್ಡ ಉದ್ಯಮ ಲೆಕ್ಕಿಗರನ್ನೂ ವಕೀಲರನ್ನೂ ಕಳುಹಿಸಬಲ್ಲುದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಬಳಸುವ ಸಣ್ಣ ರೈತನು ಇಂಗ್ಲಿಷಿನ ದಪ್ಪ ಸಂಪುಟಗಳನ್ನು ಓದಿ, ಒಂದು ದಿನದ ದುಡಿಮೆ ಬಿಟ್ಟು, ನೂರು ಕಿಲೋಮೀಟರಿಗೂ ಮಿಗಿಲಾದ ದೂರದ ಹೈದರಾಬಾದಿಗೆ ಹೋಗಿ ವಾದಿಸಲಾರನು.

ಅವನು ಬಾರದಿದ್ದರೆ ನಷ್ಟ ಅವನಿಗೆ ಮಾತ್ರವೆಂದು ತಿಳಿಯಬಾರದು. ವಿದ್ಯುತ್ ಸಂಸ್ಥೆಗಳ ಲೆಕ್ಕದಲ್ಲಿ ಅತ್ಯಂತ ಅನಿಶ್ಚಿತವಾದ ಅಂಕಿ ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆಯದು. ಆಯ್ದ ಕೆಲವು ಟ್ರಾನ್ಸ್‌ಫಾರ್ಮರುಗಳಿಗೆ (ಟಿ.ಸಿ.ಗಳಿಗೆ) ಮೀಟರು ಜೋಡಿಸಿ, ಅವುಗಳ ಓದಿನಿಂದ ಉಳಿದುದನ್ನೆಲ್ಲ ಅಂದಾಜು ಮಾಡುವುದು ಪದ್ಧತಿ. ಆ ಅಂದಾಜು ಹಿಗ್ಗಿದರೆ ಹಳೆಯ ತಂತಿಗಳ ಸೋರಿಕೆಯೂ ಕಳವೂ ರೈತನ ಹೆಸರಿನಲ್ಲಿ ಮರೆಯಾಗುತ್ತವೆ. ಬೋರ್‌ವೆಲ್ಲುಗಳಲ್ಲಿ ಎಷ್ಟು ಬತ್ತಿವೆ, ಸುಟ್ಟ ಟಿ.ಸಿ. ಎಷ್ಟು ದಿನ ಹಾಗೆಯೇ ಉಳಿಯಿತು, ರಾತ್ರಿ ವೋಲ್ಟೇಜು ಎಲ್ಲಿಯವರೆಗೆ ಇಳಿಯಿತು ಎಂಬುದನ್ನು ಊರಿನವರಷ್ಟು ಖಚಿತವಾಗಿ ಬಲ್ಲವರಿಲ್ಲ. ಆದಕಾರಣ ಪ್ರಜೆಯ ಭಾಗವಹಿಕೆಯೆಂಬುದು ಆಳುವವರು ತೋರುವ ಔದಾರ್ಯವಲ್ಲ. ಸತ್ಯವಾದ ಲೆಕ್ಕಕ್ಕೆ ಅವಶ್ಯವಾದ ಪ್ರಮಾಣ.

ಜನರನ್ನು ಕೇಳಿದರೆ ಅಗ್ಗವೊಂದನ್ನೇ ಬೇಡುವರು, ಸಂಸ್ಥೆಗಳು ದಿವಾಳಿಯಾಗುವುವು ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಜನರನ್ನು ದೂರವಿಟ್ಟುದರಿಂದ ಸಂಸ್ಥೆಗಳು ಉಳಿದುವೇ? ಮಹಾರಾಷ್ಟ್ರದಲ್ಲಿ ಎನ್ರಾನ್ ಕಂಪನಿಯ ದಾಭೋಳ ವಿದ್ಯುತ್ ಯೋಜನೆಯ ಕರಾರು 1993ರಲ್ಲಿ ಮುಚ್ಚಿದ ಬಾಗಿಲ ಹಿಂದೆಯೇ ಆಯಿತು. ಪುಣೆಯ ಪ್ರಯಾಸ್ ಸಂಸ್ಥೆಯಂತಹ ನಾಗರಿಕ ಅಧ್ಯಯನಕಾರರು ಅದರ ಲೆಕ್ಕವನ್ನು ಬಿಡಿಸಿ ಅಪಾಯವನ್ನು ತೋರಿಸಿದರು. 2001ರಲ್ಲಿ ಆ ದುಬಾರಿ ವಿದ್ಯುತ್ತನ್ನು ಕೊಳ್ಳಲಾರದೆ ರಾಜ್ಯದ ವಿದ್ಯುತ್ ಮಂಡಳಿಯೇ ಹಿಂಜರಿಯಿತು. ಅಲ್ಲಿ ವಿವೇಕದ ಮಾತು ಬಂದುದು ಹೊರಗಿನಿಂದ. ಲೆಕ್ಕವನ್ನು ಕಾಣದವನು ಬೆಲೆಯೊಂದರ ಬಗೆಗೆ ಕೂಗಬಲ್ಲನು; ಲೆಕ್ಕವನ್ನು ಕಂಡವನು ನಷ್ಟದ ಕಾರಣವನ್ನು ಕೇಳಬಲ್ಲನು.

ಆಗಬೇಕಾದುದು ಅಸಾಧ್ಯವೇನಲ್ಲ. ವಾರ್ಷಿಕ ಲೆಕ್ಕದ ಸಾರಾಂಶವನ್ನು ಆಯಾ ಸೀಮೆಯ ಭಾಷೆಯಲ್ಲಿ, ಗಡಿಯ ತಾಲ್ಲೂಕುಗಳಲ್ಲಿ ಕನ್ನಡದಲ್ಲಿಯೂ, ಪ್ರಕಟಿಸಬೇಕು. ವಿಚಾರಣೆಯ ಒಂದು ಬೈಠಕ್ಕಾದರೂ ತಾಂಡೂರಿನಂತಹ ಊರಿನಲ್ಲಿ ನಡೆಯಬೇಕು. ಬಳಕೆದಾರರ ಪರವಾಗಿ ವಾದಿಸುವವರನ್ನು ನೇಮಿಸಲು 94ನೆಯ ಕಲಮು ಆಯೋಗಕ್ಕೆ ಕೊಟ್ಟಿರುವ ಅಧಿಕಾರವನ್ನು ಧಾರಾಳವಾಗಿ ಉಪಯೋಗಿಸಬೇಕು. ತಳ್ಳಿಹಾಕಿದ ಆಕ್ಷೇಪಣೆಗೆ ತಳ್ಳಿಹಾಕಿದ ಕಾರಣವನ್ನು ಬರೆಯಬೇಕು. ಇವಿಷ್ಟೂ ಆದಮೇಲೆ ಪ್ರಜೆಯ ಮೇಲೂ ಒಂದು ಹೊಣೆ ಬೀಳುತ್ತದೆ: ತೆರೆದಿಟ್ಟ ಲೆಕ್ಕ ದರವನ್ನು ಏರಿಸಬೇಕೆಂದು ತೋರಿಸಿದಲ್ಲಿ, ಏರಿಕೆಯ ಭಾರವನ್ನು ಯಾರು ಹೊರಬೇಕೆಂಬುದನ್ನು ಅವನೂ ಹೇಳಬೇಕು, ತನ್ನ ಪಾಲನ್ನು ತಾನೂ ತೆರಬೇಕು. ಆ ಹೊಣೆಯನ್ನು ಹೊರಲು ಅವನು ಸಿದ್ಧನಾದಾಗ, ಅವನ ಮಾತನ್ನು ಅಲಕ್ಷಿಸಲು ಯಾವ ಆಯೋಗಕ್ಕೂ ನೆಪವುಳಿಯದು.