ಖದೀಜಾ(ರ) ಅವರನ್ನು ನೆನೆದ ಬಗೆ

ನಮ್ಮ ಊರುಗಳಲ್ಲಿ ಒಬ್ಬ ತಾಯಿ ತೀರಿಕೊಂಡರೆ ಮಸೀದಿಯ ಧ್ವನಿವರ್ಧಕದಲ್ಲಿ ಅನೇಕ ವೇಳೆ ಅವಳ ಹೆಸರೂ ಕೇಳಿಬರುವುದಿಲ್ಲ. ಇಂಥವರ ಪತ್ನಿ, ಇಂಥವರ ತಾಯಿ ಎಂಬ ಪ್ರಕಟಣೆಯಷ್ಟೇ ಹೊರಡುತ್ತದೆ. ಜನ ಸೇರುತ್ತಾರೆ. ಮಯ್ಯಿತ್ ಸ್ನಾನ, ಕಫನ್, ಜನಾಝ ನಮಾಝ್, ದಫನ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಒಳ್ಳೆಯ ಹೆಂಗಸು, ನಮಾಝ್ ಬಿಟ್ಟವರಲ್ಲ, ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸಿದವರಲ್ಲ ಎಂದು ಅಂಗಳದಲ್ಲಿ ನಿಂತವರು ಹೇಳುತ್ತಾರೆ. ಆ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಅಷ್ಟೇ ಸತ್ಯವೂ ಅಲ್ಲ.

ಆ ತಾಯಿ ರಾತ್ರಿಯಿಡೀ ಹೊಲಿಗೆ ಯಂತ್ರ ತುಳಿದಿರಬಹುದು. ಬೀಡಿ ಸುತ್ತಿ ಮಕ್ಕಳ ಶಾಲೆಯ ಶುಲ್ಕ ಕಟ್ಟಿರಬಹುದು. ಮನೆಯ ಮುಂದಿನ ಕೋಣೆಯಲ್ಲಿ ಸೀರೆ, ಬುರ್ಖಾ ಇಟ್ಟು ಮಾರಿ ಸಣ್ಣದೊಂದು ವ್ಯಾಪಾರವನ್ನು ನಿಲ್ಲಿಸಿರಬಹುದು. ಅವಳಿಗೆ ಕಷ್ಟಸುಖ ಹೇಳಿಕೊಳ್ಳಲು ಪಕ್ಕದ ಬೀದಿಯಲ್ಲಿ ಒಬ್ಬ ಗೆಳತಿಯಿದ್ದಿರಬಹುದು. ಅವಳ ದುಡಿಮೆಯ ಮಾತು ದಫನದ ದಿನ ಯಾರ ಬಾಯಲ್ಲೂ ಬರುವುದಿಲ್ಲ. ಆ ಗೆಳತಿಯ ಮನೆಯ ಬಾಗಿಲನ್ನು ಮಕ್ಕಳು ಆಮೇಲೆ ತಟ್ಟುವುದೂ ಇಲ್ಲ. ತಾಯಿ, ಉದ್ಯಮಿ, ಗೆಳತಿ ಎಂಬ ಮೂರರಲ್ಲಿ ಮೊದಲನೆಯದನ್ನು ಮಾತ್ರ ನಾವು ನೆನೆಯುತ್ತೇವೆ. ಉಳಿದೆರಡನ್ನು ಅವಳ ಜೊತೆಗೇ ಮಣ್ಣು ಮಾಡುತ್ತೇವೆ.

ಈ ಮೂರೂ ಆಗಿದ್ದ ಓರ್ವ ಮಹಿಳೆ ಕ್ರಿ.ಶ. 619ರಲ್ಲಿ ಮಕ್ಕಾದಲ್ಲಿ ನಿಧನರಾದರು. ಅವರನ್ನು ನೆನೆದವರು ಪ್ರವಾದಿ ಮುಹಮ್ಮದ್(ಸ). ಹಝ್ರತ್ ಖದೀಜಾ(ರ) ಅವರ ಬದುಕಿನ ಕುರಿತು ನಮ್ಮ ವೇದಿಕೆಗಳಲ್ಲಿ ಭಾಷಣಗಳಿಗೇನೂ ಕೊರತೆಯಿಲ್ಲ. ಆದರೆ ಅವರ ಮರಣಾನಂತರ ಪ್ರವಾದಿ(ಸ) ಅವರನ್ನು ನೆನೆದ ಬಗೆ ಹೇಗಿತ್ತು ಎಂಬ ಪಾಠ ಮಾತ್ರ ನಮ್ಮ ಮನೆಗಳಿಗೆ ಇನ್ನೂ ತಲುಪಿದಂತಿಲ್ಲ.

ಖದೀಜಾ(ರ) ಕುರೈಶರ ಬನೂ ಅಸದ್ ಮನೆತನದ ಖುವೈಲಿದ್‌ರ ಪುತ್ರಿ. ಪ್ರವಾದಿ(ಸ)ರನ್ನು ವಿವಾಹವಾಗುವ ಮುನ್ನವೇ ವಿಧವೆಯಾಗಿದ್ದವರು, ಮಕ್ಕಳನ್ನು ಹೆತ್ತಿದ್ದವರು. ಚಳಿಗಾಲದಲ್ಲಿ ಯಮನ್‌ನತ್ತ, ಬೇಸಿಗೆಯಲ್ಲಿ ಸಿರಿಯಾದತ್ತ ಸಾಗುವ ಸಾರ್ಥವಾಹಗಳೇ ಮಕ್ಕಾದ ಜೀವನಾಡಿಯಾಗಿದ್ದ ಕಾಲವದು. ಆ ನಗರದಲ್ಲಿ ಓರ್ವ ವಿಧವೆ ತನ್ನ ಬಂಡವಾಳವನ್ನು ತಾನೇ ನಿರ್ವಹಿಸುತ್ತಿದ್ದರು. ಒಂಟೆಯೇರಿ ಹೋಗುವವರು ಬೇರೆಯವರು, ಸರಕು ಮತ್ತು ನಿರ್ಧಾರ ಇವರದ್ದು. ಬಂಡವಾಳ ಒಬ್ಬರದ್ದು, ದುಡಿಮೆ ಇನ್ನೊಬ್ಬರದ್ದು, ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುವುದು ಎಂಬ ಈ ವ್ಯವಸ್ಥೆಯೇ ಮುಂದೆ ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಮುಳಾರಬ ಎಂದು ಹೆಸರಾಯಿತು. ಯುವಕ ಮುಹಮ್ಮದ್‌ರ(ಸ) ಪ್ರಾಮಾಣಿಕತೆಯ ಸುದ್ದಿ ಕೇಳಿ ಖದೀಜಾ(ರ) ತಮ್ಮ ಸರಕನ್ನು ಅವರ ಕೈಗೊಪ್ಪಿಸಿದರು. ತಮ್ಮ ಸೇವಕ ಮೈಸರಾನನ್ನು ಜೊತೆಗೆ ಕಳುಹಿಸಿದರು. ಮರಳಿ ಬಂದಾಗ ಲೆಕ್ಕ ಸರಿಯಿತ್ತು, ಲಾಭ ಹೆಚ್ಚಿತ್ತು. ವಿವಾಹದ ಪ್ರಸ್ತಾಪವೂ ಅವರ ಕಡೆಯಿಂದಲೇ ಬಂತು. ಅದನ್ನು ಒಯ್ದವರು ಅವರ ಗೆಳತಿ ನಫೀಸಾ. ಆಗ ಪ್ರವಾದಿ(ಸ)ರಿಗೆ 25 ವರ್ಷ. ಖದೀಜಾರಿಗೆ(ರ) 40 ಎಂಬುದು ಪ್ರಸಿದ್ಧ ಅಭಿಪ್ರಾಯ. 28 ಎಂಬ ವರದಿಯೂ ಇದೆ.

ತಾಯಿಯಾಗಿ ಅವರು ಕಂಡ ನೋವು ಕಡಿಮೆಯದ್ದಲ್ಲ. ಝೈನಬ್, ರುಕಯ್ಯ, ಉಮ್ಮು ಕುಲ್ಸೂಮ್, ಫಾತಿಮಾ ಎಂಬ ನಾಲ್ವರು ಹೆಣ್ಣುಮಕ್ಕಳು ಬೆಳೆದರು. ಕಾಸಿಮ್ ಮತ್ತು ಅಬ್ದುಲ್ಲಾ ಎಂಬಿಬ್ಬರು ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಹೆಣ್ಣುಮಗುವನ್ನು ಜೀವಂತ ಹೂಳುವ ಕ್ರೌರ್ಯವಿದ್ದ ಸಮಾಜದಲ್ಲಿ ಆ ಮನೆ ಹೆಣ್ಣುಮಕ್ಕಳಿಂದ ತುಂಬಿತ್ತು. ಅದೇ ಮನೆಯಲ್ಲಿ ಬಾಲಕ ಅಲೀ(ರ) ಬೆಳೆದರು. ಗುಲಾಮನಾಗಿ ಬಂದ ಝೈದ್(ರ) ವಿಮೋಚನೆ ಪಡೆದು ಮಗನಂತೆ ಬಾಳಿದರು.

610ರಲ್ಲಿ ಹಿರಾ ಗುಹೆಯಿಂದ ನಡುಗುತ್ತಾ ಬಂದ ಪತಿಗೆ ಹೊದಿಕೆ ಹೊದಿಸಿ ಧೈರ್ಯ ಹೇಳಿದವರು ಖದೀಜಾ(ರ). ಅವರು ಆಗ ನೀಡಿದ ಸಮಾಧಾನವನ್ನು ಗಮನಿಸಬೇಕು. ಬಂಧುಗಳನ್ನು ಕೂಡಿಸಿಕೊಳ್ಳುವ, ಅಶಕ್ತರ ಭಾರ ಹೊರುವ, ಅತಿಥಿಗಳನ್ನು ಸತ್ಕರಿಸುವ ವ್ಯಕ್ತಿಯನ್ನು ಅಲ್ಲಾಹನು ಅವಮಾನಕ್ಕೀಡು ಮಾಡಲಾರನು ಎಂಬುದು ಅದರ ಸಾರ. ಹದಿನೈದು ವರ್ಷ ಜೊತೆಗೆ ಬಾಳಿದ, ಲೆಕ್ಕಪತ್ರದಲ್ಲಿಯೂ ಪತಿಯನ್ನು ಪರೀಕ್ಷಿಸಿ ನೋಡಿದ್ದ ಮಹಿಳೆಯ ಸಾಕ್ಷ್ಯವದು. ಮುಂದೆ ಅವರ ಸಂಪತ್ತು ಅದೇ ಮಾರ್ಗದಲ್ಲಿ ವ್ಯಯವಾಯಿತು. ಬನೂ ಹಾಶಿಮ್ ಮನೆತನದ ವಿರುದ್ಧ ಕುರೈಶರು ಸುಮಾರು ಮೂರು ವರ್ಷ ಬಹಿಷ್ಕಾರ ಹೇರಿದಾಗ ಮಕ್ಕಾದ ಸಿರಿವಂತೆ ಶಿಅಬ್ ಅಬೀತಾಲಿಬ್ ಕಣಿವೆಯಲ್ಲಿ ಹಸಿವನ್ನು ಹಂಚಿಕೊಂಡರು. ಬಹಿಷ್ಕಾರ ಮುಗಿದ ಬಳಿಕ ಹೆಚ್ಚು ಕಾಲ ಅವರು ಬದುಕಲಿಲ್ಲ. ಮಕ್ಕಾದ ಹಜೂನ್‌ನಲ್ಲಿ ಅವರ ದಫನವಾಯಿತು. ಚಿಕ್ಕಪ್ಪ ಅಬೂತಾಲಿಬ್‌ರೂ ಅದೇ ವರ್ಷ ತೀರಿಕೊಂಡುದರಿಂದ ಇತಿಹಾಸ ಅದನ್ನು ದುಃಖದ ವರ್ಷವೆಂದು ಕರೆಯಿತು.

ಇನ್ನು ಪ್ರವಾದಿ(ಸ) ಅವರನ್ನು ನೆನೆದ ಬಗೆಗೆ ಬರೋಣ.

ಹಝ್ರತ್ ಆಯಿಶಾ(ರ) ಅವರೇ ವರದಿ ಮಾಡಿದ ಪ್ರಸಂಗವಿದು. ಮದೀನಾದ ಮನೆಯಲ್ಲಿ ಆಡು ಕೊಯ್ದಾಗಲೆಲ್ಲ ಪ್ರವಾದಿ(ಸ) ಅದರ ಭಾಗಗಳನ್ನು ಖದೀಜಾರ(ರ) ಗೆಳತಿಯರಿಗೆ ಕಳುಹಿಸುತ್ತಿದ್ದರು. ತೀರಿಕೊಂಡು ವರ್ಷಗಳಾಗಿದ್ದವು, ಊರೂ ಬದಲಾಗಿತ್ತು. ಆದರೂ ಆಕೆಯ ಗೆಳತಿಯರು ಯಾರು, ಅವರ ಮನೆ ಎಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಒಮ್ಮೆ ಖದೀಜಾರ(ರ) ಸಹೋದರಿ ಹಾಲಾ ಬಾಗಿಲಲ್ಲಿ ನಿಂತು ಪ್ರವೇಶಾನುಮತಿ ಕೇಳಿದಾಗ, ಆ ಧ್ವನಿಯಲ್ಲಿ ಪತ್ನಿಯ ಧ್ವನಿ ನೆನಪಾಗಿ ಅವರು ಕಳವಳಗೊಂಡರು. ಆಯಿಶಾ(ರ) ಅಸೂಯೆಯಿಂದ ಆ ವೃದ್ಧೆಯ ಮಾತೇಕೆ ಎಂದಾಗ ಪ್ರವಾದಿ(ಸ) ಸುಮ್ಮನಿರಲಿಲ್ಲ. ಜನರು ನಿರಾಕರಿಸಿದಾಗ ಆಕೆ ನಂಬಿದಳು, ಜನರು ಕೈಬಿಟ್ಟಾಗ ತನ್ನ ಸಂಪತ್ತಿನಿಂದ ಆಸರೆಯಾದಳು, ಆಕೆಯಿಂದ ನನಗೆ ಮಕ್ಕಳಾದವು ಎಂಬರ್ಥದ ಉತ್ತರ ಕೊಟ್ಟರು. ಪತ್ನಿಯ ಸಂಪತ್ತಿನಿಂದ ತನಗೆ ಆಸರೆ ದೊರೆಯಿತೆಂದು ಹೇಳಿಕೊಳ್ಳಲು ಅವರು ಸಂಕೋಚ ಪಡಲಿಲ್ಲ. ನಮ್ಮಲ್ಲಿ ಎಷ್ಟು ಗಂಡಂದಿರು ಹಾಗೆ ಹೇಳಬಲ್ಲರು?

ಇನ್ನೊಂದು ಪ್ರಸಂಗ ಬದ್ರ್ ಯುದ್ಧದ ಬಳಿಕ, 624ರದ್ದು. ಸೆರೆಯಾದವರಲ್ಲಿ ಮಗಳು ಝೈನಬ್‌ರ(ರ) ಪತಿ ಅಬುಲ್ ಆಸ್ ಕೂಡ ಇದ್ದರು. ಅವರ ಬಿಡುಗಡೆಗಾಗಿ ಝೈನಬ್(ರ) ಮಕ್ಕಾದಿಂದ ಕಳುಹಿಸಿದ ಒತ್ತೆಯಲ್ಲಿ ಒಂದು ಹಾರವಿತ್ತು. ಅದು ಮದುವೆಯ ದಿನ ಖದೀಜಾ(ರ) ಮಗಳ ಕೊರಳಿಗೆ ಹಾಕಿದ ಹಾರ. ಅದನ್ನು ಕಂಡು ಪ್ರವಾದಿ(ಸ) ಬಹಳವಾಗಿ ಕರಗಿಹೋದರು. ಆದರೆ ಹಾರವನ್ನು ತಾವಾಗಿಯೇ ಎತ್ತಿ ಮರಳಿಸಲಿಲ್ಲ. ಸೆರೆಯಾಳಿನ ಒತ್ತೆಯಲ್ಲಿ ಇತರರ ಹಕ್ಕೂ ಇತ್ತು. ನಿಮಗೆ ಸರಿಯೆಂದು ಕಂಡರೆ ಕೈದಿಯನ್ನು ಬಿಟ್ಟು ಹಾರವನ್ನು ಹಿಂದಿರುಗಿಸಬಹುದು ಎಂದು ಸಂಗಾತಿಗಳನ್ನು ಕೇಳಿಕೊಂಡರು. ಅವರು ಒಪ್ಪಿದ ಬಳಿಕವೇ ಹಾರ ಮಗಳ ಕೈ ಸೇರಿತು.

ಅಗಲಿದವರ ಮೇಲಿನ ಪ್ರೀತಿ ಎಷ್ಟೇ ಆಳವಾಗಿರಲಿ, ಅದು ಬದುಕಿರುವವರ ಹಕ್ಕನ್ನು ಮೀರಬಾರದು ಎಂಬುದು ಈ ಪ್ರಸಂಗ ಕಲಿಸುವ ನೀತಿ. ಈಗ ಇದೇ ಅಳತೆಗೋಲಿನಿಂದ ನಮ್ಮನ್ನು ಅಳೆದುಕೊಳ್ಳೋಣ.

ತಾಯಿಯ ಹೆಸರಿನಲ್ಲಿ ಮೂರನೆಯ ದಿನಕ್ಕೆ, ನಲ್ವತ್ತನೆಯ ದಿನಕ್ಕೆ ಔತಣ ನಡೆಯುತ್ತದೆ. ಬಿರಿಯಾನಿಯ ಹಂಡೆಗಳು ಏರುತ್ತವೆ. ಅದರ ಖರ್ಚು ಎಷ್ಟೋ ಕಡೆ ತಾಯಿ ಬಿಟ್ಟುಹೋದ ಹಣದಿಂದಲೇ. ಆದರೆ ಆಕೆ ಕಣ್ಣುಮುಚ್ಚಿದ ಕ್ಷಣದಿಂದ ಆ ಹಣ ವಾರೀಸುದಾರರದ್ದು. ಅವರಲ್ಲಿ ಅಪ್ರಾಪ್ತ ಮಗುವೊಂದಿದ್ದರೆ ಅದರ ಒಪ್ಪಿಗೆ ಪಡೆಯುವುದಕ್ಕೂ ಸಾಧ್ಯವಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಯಲ್ಲಿ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂದು ಅನ್ನಿಸಾ ಅಧ್ಯಾಯ ಎಚ್ಚರಿಸಿರುವುದನ್ನು ಹಂಡೆಯ ಸುತ್ತ ಕುಳಿತ ಎಷ್ಟು ಮಂದಿ ನೆನೆಯುತ್ತಾರೆ?

ಔತಣ ಮುಗಿದ ಮೇಲೆ ಇನ್ನೊಂದು ಕಾರ್ಯಕ್ರಮವಿದೆ. ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರವನ್ನಿಟ್ಟು ಸಹಿ ಕೇಳುವುದು. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬುದು ಸಹೋದರರ ವಾದ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬುದು ಸಹೋದರಿಯರ ಭಯ. ಭಯದಿಂದ ಬಿದ್ದ ಸಹಿಗೆ ನೋಂದಣಿ ಕಚೇರಿಯಲ್ಲಿ ಬೆಲೆಯಿರಬಹುದು, ಅಲ್ಲಾಹನ ಬಳಿ ಇರಲಾರದು. ಮದುವೆಯ ಖರ್ಚು ವಾರೀಸು ಪಾಲಲ್ಲ. ಹಾಗೆಯೇ, ತಾಯಿಯ ಚಿನ್ನವೆಲ್ಲ ಹೆಣ್ಣುಮಕ್ಕಳದ್ದೇ ಎಂಬ ರೂಢಿಯೂ ಶರೀಅತ್‌ನದ್ದಲ್ಲ. ಚಿನ್ನ, ಅಂಗಡಿ, ಸಾಲಕ್ಕೆ ಕೊಟ್ಟ ಹಣ, ಬ್ಯಾಂಕಿನ ಠೇವಣಿ ಎಲ್ಲವೂ ಒಂದೇ ಲೆಕ್ಕಕ್ಕೆ ಬರಬೇಕು. ಬ್ಯಾಂಕ್ ಖಾತೆಯಲ್ಲಿ ನಾಮಿನಿಯಾಗಿರುವ ಮಗ ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಏಕೈಕ ಒಡೆಯನಲ್ಲ ಎಂಬುದು ದೇಶದ ಕಾನೂನಿನ ನಿಲುವೂ ಹೌದು.

ಈ ಲೆಕ್ಕ ಕಠಿಣವೇನಲ್ಲ. ಮೊದಲು ಅಂತ್ಯಸಂಸ್ಕಾರದ ವೆಚ್ಚ, ಆಮೇಲೆ ಆಕೆಯ ಸಾಲದ ತೀರುವಳಿ, ಆಮೇಲೆ ಮೂರನೆಯ ಒಂದು ಭಾಗ ಮೀರದಂತೆ ವಸಿಯ್ಯತ್. ಉಳಿದದ್ದು ಪಾಲಾಗಬೇಕು. ಹೆತ್ತವರು ಮೊದಲೇ ತೀರಿಕೊಂಡಿರುವ ತಾಯಿಯೊಬ್ಬಳು ಗಂಡ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳನ್ನು ಅಗಲಿದ್ದಾಳೆ, ಉಳಿದ ಸೊತ್ತು 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಗಂಡನಿಗೆ ನಾಲ್ಕನೆಯ ಒಂದು ಭಾಗ, ಅಂದರೆ 2 ಲಕ್ಷ. ಉಳಿದ 6 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 2 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 1 ಲಕ್ಷ. ಈ 1 ಲಕ್ಷ ಸಹೋದರನ ಔದಾರ್ಯವಲ್ಲ, ಅಲ್ಲಾಹನು ಗೊತ್ತುಪಡಿಸಿದ ಪಾಲು.

1985ರಲ್ಲಿ ಶಾಬಾನು ತೀರ್ಪು ಬಂದಾಗ ಶರೀಅತ್‌ನ ರಕ್ಷಣೆಗೆಂದು ನಮ್ಮ ಸಮುದಾಯ ಬೀದಿಗಿಳಿಯಿತು. 1937ರ ಶರೀಅತ್ ಕಾಯ್ದೆಯನ್ನು ಮುಟ್ಟಬಾರದೆಂದು ಇಂದಿಗೂ ನಾವು ಆಗ್ರಹಿಸುತ್ತೇವೆ. ಆ ಆಗ್ರಹ ನ್ಯಾಯವಾದುದೇ. ಆದರೆ ಆ ಕಾಯ್ದೆಯ ಮೊದಲ ಉದ್ದೇಶಗಳಲ್ಲೊಂದು, ಹೆಣ್ಣಿಗೆ ಪಾಲಿಲ್ಲವೆಂಬ ಊರ ರೂಢಿಗಳನ್ನು ಬದಿಗಿಟ್ಟು ಶರೀಅತ್ ಕೊಟ್ಟ ಪಾಲನ್ನು ಆಕೆಗೆ ಕೊಡಿಸುವುದಾಗಿತ್ತು. ಸರಕಾರದ ಮುಂದೆ ಶರೀಅತ್, ಸಹೋದರಿಯ ಮುಂದೆ ರೂಢಿ ಎಂಬ ಇಬ್ಬಂದಿತನವನ್ನು ಬಿಡದೆ ನಮ್ಮ ಘೋಷಣೆಗಳಿಗೆ ತೂಕ ಬರಲಾರದು. ಜಮಾಅತ್ ಕಮಿಟಿಗಳು ಮದುವೆಯ ಪುಸ್ತಕ ಇಡುತ್ತವೆ, ಮರಣದ ಪುಸ್ತಕ ಇಡುತ್ತವೆ. ಮರಣ ಸಂಭವಿಸಿದ ಮನೆಗೆ ತಿಂಗಳೊಳಗೆ ಇಬ್ಬರು ಹಿರಿಯರನ್ನೂ ಒಬ್ಬ ವಿದ್ವಾಂಸರನ್ನೂ ಕಳುಹಿಸಿ, ಪಾಲಿನ ಲೆಕ್ಕವನ್ನು ಹೆಣ್ಣುಮಕ್ಕಳಿಗೂ ಕೇಳುವಂತೆ ಓದಿ ಹೇಳುವ ಕ್ರಮವನ್ನೇಕೆ ಆರಂಭಿಸಬಾರದು? ಅದಕ್ಕೆ ಕಾನೂನಾಗಲಿ ಚಂದಾ ಆಗಲಿ ಬೇಕಿಲ್ಲ, ಧೈರ್ಯ ಬೇಕು.

ಉಳಿದಿರುವುದು ಗೆಳೆತನದ ಬಾಕಿ. ಅಬ್ದುಲ್ಲಾ ಬಿನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಎದುರಾದ ಓರ್ವ ಗ್ರಾಮೀಣನಿಗೆ ತಮ್ಮ ಸವಾರಿಯ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಕೊಟ್ಟುಬಿಟ್ಟರು. ಕಾರಣ ಕೇಳಿದವರಿಗೆ, ಇವರ ತಂದೆ ನನ್ನ ತಂದೆಯ ಸ್ನೇಹಿತರಾಗಿದ್ದರು ಎಂದರು. ಹೆತ್ತವರ ಪ್ರೀತಿಪಾತ್ರರೊಂದಿಗೆ ನಂಟು ಉಳಿಸಿಕೊಳ್ಳುವುದು ಶ್ರೇಷ್ಠ ಸತ್ಕರ್ಮವೆಂಬ ಪ್ರವಾದಿ(ಸ)ವಚನವನ್ನು ನೆನಪಿಸಿದರು.

ನಮ್ಮ ತಾಯಂದಿರ ಗೆಳತಿಯರು ಇನ್ನೂ ಅದೇ ಬೀದಿಗಳಲ್ಲಿದ್ದಾರೆ. ಕೆಲವರು ಬೇರೆ ಧರ್ಮದವರು. ಹಬ್ಬಕ್ಕೆ ಪರಸ್ಪರ ತಿಂಡಿ ಕೊಟ್ಟುಕೊಂಡವರು, ಬಾಣಂತನದಲ್ಲಿ ಒಬ್ಬರಿಗೊಬ್ಬರು ನೆರವಾದವರು, ನಮ್ಮನ್ನು ಎತ್ತಿ ಆಡಿಸಿದವರು. ನೆರೆಹೊರೆಯ ನಡುವೆ ಗೋಡೆ ಎಬ್ಬಿಸುವ ರಾಜಕೀಯ ಬಲವಾಗಿರುವ ಈ ದಿನಗಳಲ್ಲಿ ನಮ್ಮ ತಾಯಂದಿರು ಸದ್ದಿಲ್ಲದೆ ಕಟ್ಟಿಟ್ಟ ಸಂಬಂಧಗಳು ಒಂದು ಆಸ್ತಿಯೇ ಸರಿ. ಆ ಆಸ್ತಿಗೂ ನಾವು ವಾರೀಸುದಾರರು. ಅದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಲೆಕ್ಕವಿಲ್ಲ. ಪ್ರತಿಯೊಬ್ಬ ಮಗ, ಮಗಳಿಗೂ ಅದು ಪೂರ್ತಿಯಾಗಿ ದಕ್ಕುತ್ತದೆ. ಬರುವ ಹಬ್ಬಕ್ಕೆ ತಾಯಿಯ ಆ ಗೆಳತಿಯ ಮನೆಗೆ ಒಂದು ಪಾಲು ಹೋಗಲಿ. ಅದಕ್ಕೂ ಮುನ್ನ ಸಹೋದರಿಯ ಪಾಲು ಸಹೋದರಿಯ ಕೈ ಸೇರಲಿ.