ಹಗಲುಮನೆ ಕೇಳಿದ್ದಕ್ಕೆ ಬಂದ ಆಕ್ಷೇಪಗಳಿಗೆ ಉತ್ತರ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ದೊಡ್ಡ ಪಂಚಾಯ್ತಿಗೊಂದಾದರೂ ಹಿರಿಯರ ಹಗಲುಮನೆ ಆಗಬೇಕು, ತಾಲೂಕಿಗೊಂದು ಇಪ್ಪತ್ತೈದು ಜನ ಉಳಿಯಬಹುದಾದ ಚಿಕ್ಕ ಆಸರೆಮನೆ ಬೇಕು ಎಂದು ಎರಡು ತಿಂಗಳ ಹಿಂದೆ ಊರಿನ ಸಭೆಯೊಂದರಲ್ಲಿ ಹೇಳಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವ ಮನೆ. ಮಧ್ಯಾಹ್ನ ಬಿಸಿ ಊಟ, ವಾರಕ್ಕೊಮ್ಮೆ ಬಿ.ಪಿ., ಶುಗರ್ ನೋಡುವ ನರ್ಸು, ಗುಳಿಗೆ ಮುಗಿದರೆ ತಂದುಕೊಡಲು ಒಬ್ಬರು. ಬೇಡಿಕೆ ಇಷ್ಟೇ. ಸಭೆ ಮುಗಿಯುವ ಮೊದಲೇ ವಿರೋಧ ಶುರುವಾಯಿತು, ಅಲ್ಲಿಂದೀಚೆಗೂ ನಿಂತಿಲ್ಲ. ಹೇಳಿದವರು ಹೆಚ್ಚಿನವರು ನನ್ನ ಪರಿಚಯದವರೇ, ಕೆಡುಕು ಬಯಸುವವರಲ್ಲ. ಅದಕ್ಕೇ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದೇನೆ.

ಮೊದಲನೆಯದು, ಎಲ್ಲಕ್ಕಿಂತ ಜೋರಾಗಿ ಬಂದದ್ದು: “ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ. ಬಾಗಿಲು ತೆರೆದರೆ ಮಕ್ಕಳು ತಂದೆತಾಯಿಯನ್ನು ತಂದು ಬಿಟ್ಟುಹೋಗುತ್ತಾರೆ.”

ನನ್ನ ಅವ್ವನ ವಿಷಯ ಹೇಳುತ್ತೇನೆ. ಅವ್ವ ನಮ್ಮ ಜೊತೆಗೇ ಇದ್ದಳು. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು, ಮಕ್ಕಳು ಶಾಲೆಗೆ. ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ನಾನು ಮನೆಗೆ ಬಂದದ್ದು ಐದೂವರೆಗೆ. ಅಷ್ಟು ಹೊತ್ತೂ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಪಾತ್ರೆ ತಿಕ್ಕುವ ಕಲ್ಲನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು, “ಚಹಾ ಕುಡಿದಿಯೇನವ್ವಾ” ಎಂದು. ನಾವು ಅವ್ವನನ್ನು ಎಲ್ಲೂ ಬಿಟ್ಟಿರಲಿಲ್ಲ. ರಾತ್ರಿಯೆಲ್ಲ ಮನೆ ತುಂಬ ಜನ ಇರುತ್ತಿದ್ದೆವು, ಹಗಲು ಮಾತ್ರ ಯಾರೂ ಇರುತ್ತಿರಲಿಲ್ಲ. ನಾನು ಕೇಳುತ್ತಿರುವುದು ಆ ಎಂಟು ತಾಸಿಗೆ.

ಸಂಸ್ಕೃತಿಯ ಮಾತನ್ನು ದಾಂಡೇಲಿಯಲ್ಲಿ ನಿಂತು ಆಡುವವರು ಈ ಊರು ಹೇಗೆ ಬೆಳೆಯಿತು ಎಂದು ಒಮ್ಮೆ ನೆನೆಸಿಕೊಳ್ಳಬೇಕು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ಎಲ್ಲೆಲ್ಲಿಂದಲೋ ಬಂದ ಜನ ಇಲ್ಲಿ ಸಂಸಾರ ಹೂಡಿದರು. ಅವಿಭಕ್ತ ಕುಟುಂಬವನ್ನು ಊರಲ್ಲಿ ಬಿಟ್ಟು ಬಂದವರು ಅವರೇ. ಅವರ ಮಕ್ಕಳು ಪುಣೆ, ಬೆಂಗಳೂರಿಗೆ ಹೋದದ್ದು ಅಪ್ಪಂದಿರು ನಡೆದ ದಾರಿಯಲ್ಲೇ. ಕಾರ್ಖಾನೆ ಊರಿನಲ್ಲಿ ಕೆಲಸ ಮುಗಿದರೆ ಕ್ವಾರ್ಟರ್ಸೂ ಮುಗಿಯುತ್ತದೆ. ಹುಟ್ಟೂರಿನಲ್ಲಿ ಹಿಸ್ಸೆ ಉಳಿದಿರುವುದಿಲ್ಲ, ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಓಣಿಯಲ್ಲೇ ಒಬ್ಬ ಕಾಕಾ ಇದ್ದಾರೆ. ಖಾನಾವಳಿಯಿಂದ ಬರುವ ಒಂದು ಡಬ್ಬಿಯಲ್ಲಿ ಅರ್ಧ ಮಧ್ಯಾಹ್ನ ಉಂಡು, ಉಳಿದರ್ಧ ರಾತ್ರಿಗೆ ಮುಚ್ಚಿಡುತ್ತಾರೆ. ಮಗ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾನೆ, ಒಂದು ದಿನವೂ ತಪ್ಪಿಸಿಲ್ಲ. ಅವನನ್ನು ಕೆಟ್ಟ ಮಗ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಸರೆಮನೆ ಇದ್ದಲ್ಲಿ ಹಿರಿಯರ ಮೇಲಿನ ಗೌರವ ಸಾಯುತ್ತದೆ ಎನ್ನುವವರಿಗೆ ಮುಂಡಗೋಡ ದೂರವಿಲ್ಲ. 1966ರಿಂದ ಟಿಬೆಟನ್ನರು ಅಲ್ಲಿ ನೆಲೆಸಿದ್ದಾರೆ. ಗಾಂದೆನ್, ದ್ರೆಪುಂಗ್ ಮಠಗಳ ಬಂಗಾರದ ಬಣ್ಣದ ಛಾವಣಿ ನೋಡಲು ನಾವೆಲ್ಲ ಕುಟುಂಬ ಸಮೇತ ಹೋಗಿ ಬರುತ್ತೇವೆ. ಅದೇ ಕಾಲೊನಿಯಲ್ಲಿ ಅವರ ಹಿರಿಯರ ಮನೆಯೂ ಇದೆ ಎಂಬುದು ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. ನಾಡು ಬಿಟ್ಟು ಓಡಿಬರುವಾಗ ದಾರಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಆ ಪೀಳಿಗೆಯಲ್ಲಿ ಎಷ್ಟೋ ಮಂದಿ. ಈಗ ಕ್ಯಾಂಪಿನ ಹುಡುಗ ಹುಡುಗಿಯರು ಅಮೆರಿಕ, ಕೆನಡಾ, ಯುರೋಪು ಎಂದು ಹೊರಟಿದ್ದಾರೆ. ಆ ಸಮಾಜ ತನ್ನ ಮುದುಕರನ್ನು ಬಿಸಾಕಿದೆ ಎಂದು ಯಾರಾದರೂ ಹೇಳಬಲ್ಲರೇ? ಮಣಿಸರ ಎಣಿಸುತ್ತ ಪ್ರದಕ್ಷಿಣೆ ಹಾಕುವ ಅಜ್ಜಿಗೆ ದಾರಿ ಬಿಟ್ಟು ನಿಲ್ಲುವ ಜನ ಅವರು. ದಿಕ್ಕಿಲ್ಲದ ಹಿರಿಯರಿಗೆ ಸಮಾಜವೇ ಮನೆ ಕಟ್ಟಬೇಕು ಎನ್ನುವುದು ಅವರಿಗೆ ಲಜ್ಜೆಯ ಸಂಗತಿ ಅನ್ನಿಸಲಿಲ್ಲ. ನಮ್ಮ ಜಿಲ್ಲೆಯೊಳಗೇ ಇಷ್ಟು ವರ್ಷದಿಂದ ನಡೆಯುತ್ತಿರುವುದನ್ನು ವಿದೇಶಿ ಚಾಳಿ ಎನ್ನುವುದು ಹೇಗೆ?

ಎರಡನೆಯದು: “ಪಟ್ಟಣದ ಮಾತು ಬಿಡಿ. ಜೋಯಿಡಾದ ಕುಣಬಿ, ಗೌಳಿ, ಸಿದ್ದಿ ಜನರಲ್ಲಿ ಹಿರಿಯರು ಯಾವತ್ತೂ ಒಂಟಿಯಲ್ಲ.”

ಗೌರವದ ಮಾತು ನಿಜ. ಆದರೆ ಕೈಗಳೆಲ್ಲಿವೆ? ಗೋವಾದ ಹೋಟೆಲುಗಳಲ್ಲಿ, ಕಟ್ಟಡ ಕೆಲಸದಲ್ಲಿ. ವಿಸ್ತಾರದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲೂಕುಗಳಲ್ಲಿ ಒಂದಾದ ಜೋಯಿಡಾದಲ್ಲಿ 2011ರ ಜನಗಣತಿಯ ಹೊತ್ತಿಗೆ ಇದ್ದದ್ದು ಐವತ್ತು ಸಾವಿರದ ಆಸುಪಾಸು ಜನ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟೆಯಲ್ಲಿ ಸೂಪಾ ಊರೇ ಮುಳುಗಿತು, ಅಲ್ಲಿಯವರು ರಾಮನಗರಕ್ಕೆ ಬಂದರು. ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಪುನರ್ವಸತಿ ಹಣ ಪಡೆದು ಕೆಲವು ಮನೆಗಳು ಹೊರಗೆ ಹೋದವು. ಉಳಿದ ಮಜಿರೆಯಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ಹಳ್ಳ, ಕಾಡು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಶಾ ಕಾರ್ಯಕರ್ತೆಯೂ ದಾಟಿ ಬರಲಾರಳು. ಡಾಂಬರು ರಸ್ತೆಯವರೆಗೆ ಕೋಲೂರಿಕೊಂಡು ನಡೆದು ಬಂದ ಕುಣಬಿ ಆಜಿಯೊಬ್ಬಳು ಸೀರೆಯ ಸೆರಗಿನ ಗಂಟು ಬಿಚ್ಚಿ ಖಾಲಿ ಗುಳಿಗೆ ಹಾಳೆಯನ್ನು ನನ್ನ ಮುಂದೆ ಹಿಡಿದಿದ್ದಳು. ದಾಂಡೇಲಿಗೆ ಹೋಗುತ್ತೀಯಲ್ಲ, ಇದೇ ಬಣ್ಣದ್ದು ಇನ್ನೊಂದು ತಾ ಎಂದಳು. ಗುಳಿಗೆ ಮುಗಿದು ಎಷ್ಟು ದಿನವಾಯಿತು ಎಂದರೆ ಬೆರಳು ಮಡಿಸಿ ಎಣಿಸಲು ಶುರುಮಾಡಿದಳು. ಎರಡು ಕೈಯ ಬೆರಳೂ ಸಾಲಲಿಲ್ಲ.

ಇದೇ ಹಿರಿಯರ ನೆನಪಿಗೆ ಸರ್ಕಾರ ಬೆಲೆ ಕೊಡುವ ಒಂದು ಜಾಗವಿದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಕುಣಬಿಗಳಿಗೂ ಗೌಳಿಗಳಿಗೂ ಸಿಕ್ಕಿಲ್ಲ. ಹಾಗಾಗಿ ಅವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಕಾಗದ ಇಲ್ಲದ ಕಾಡಿನಲ್ಲಿ ಅದನ್ನು ಹೇಳಬಲ್ಲವರು ಮುದುಕರೊಬ್ಬರೇ. ಅವರು ಹೋದರೆ ಊರಿನ ದಾಖಲೆಯೇ ಹೋದಂತೆ.

ಮೂರನೆಯದು ಕಾನೂನು ಬಲ್ಲವರಿಂದ ಬಂತು: “2007ರ ಕಾಯ್ದೆ ಇದೆ. ನೋಡಿಕೊಳ್ಳದ ಮಕ್ಕಳ ಮೇಲೆ ಎ.ಸಿ. ಸಾಹೇಬರಿಗೆ ಅರ್ಜಿ ಹಾಕಲಿ.”

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಒಳ್ಳೆಯದೇ. ವಕೀಲರಿಲ್ಲದೆ ಅರ್ಜಿ ಹಾಕಬಹುದು, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ಆದರೆ ಅರ್ಜಿ ಕೇಳುವ ಎ.ಸಿ.ಯವರ, ಅಂದರೆ ಉಪವಿಭಾಗಾಧಿಕಾರಿಯ, ನ್ಯಾಯಮಂಡಳಿ ಕೂರುವುದು ಉಪವಿಭಾಗದ ಕೇಂದ್ರದಲ್ಲಿ. ಮುಂಡಗೋಡದ ಅಜ್ಜ ಶಿರಸಿಗೆ ಹೋಗಬೇಕು, ಜೋಯಿಡಾದ ಆಜಿ ಅಣಶಿ ಘಟ್ಟ ಇಳಿದು ಕಾರವಾರಕ್ಕೆ. ಹೋಗಿ ಹೆತ್ತ ಮಗನ ಎದುರು ನಿಲ್ಲಬೇಕು. ಎಷ್ಟು ತಾಯಂದಿರು ಹೋದಾರು? ಇನ್ನು 23ನೇ ಕಲಮು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆಮೇಲೆ ಮಗ ಕೈಬಿಟ್ಟರೆ ಆ ಪತ್ರ ರದ್ದಾಗುತ್ತದೆ. ಷರತ್ತು ಇದ್ದದ್ದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಉದಾರವಾಗಿ ಓದಿತು. ಆದ್ದರಿಂದ ಬಕ್ಷೀಸು ಪತ್ರ ಬರೆದುಕೊಡುವವರು “ಸಾಯುವ ತನಕ ನೋಡಿಕೊಳ್ಳತಕ್ಕದ್ದು” ಎಂಬ ಒಂದು ಸಾಲನ್ನು ತಪ್ಪದೆ ಬರೆಸಿ. ಬರೆಸಲು ಹೆಸರಿನಲ್ಲಿ ಉತಾರವೇ ಇಲ್ಲದ ಅರಣ್ಯವಾಸಿಗೆ ಈ ಕಲಮು ಏನು ಕೊಟ್ಟೀತು? ಕಾಯ್ದೆಯನ್ನು ಎತ್ತಿ ತೋರಿಸುವವರು 19ನೇ ಕಲಮನ್ನೂ ಓದಬೇಕು. ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನ ಹಿಡಿಯುವ ಮನೆಗಳನ್ನು ಸರ್ಕಾರ ಸ್ಥಾಪಿಸಬಹುದು ಎಂದು ಅಲ್ಲಿಯೇ ಬರೆದಿದೆ. ಕಡಲಿನಿಂದ ಬಯಲುಸೀಮೆಯ ಅಂಚಿನವರೆಗೆ ಹರಡಿದ ನಮ್ಮ ಜಿಲ್ಲೆಗೆ 150ರ ಒಂದು ಮನೆಗಿಂತ 25ರ ಆರು ಮನೆ ಲೇಸು. 25 ಜನರ ಮನೆಗೆ ಅನುದಾನ ಕೊಡುವ ಕೇಂದ್ರದ ಯೋಜನೆಯೂ ಇದೆ.

“ಪಿಂಚಣಿ ಬರುತ್ತದಲ್ಲ” ಎಂದವರಿಗೆ ಲೆಕ್ಕ ಸಾಕು. ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಕಾರ್ಖಾನೆಯಲ್ಲಿ ದುಡಿದವರ ಇ.ಪಿ.ಎಸ್. ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1,000 ಎಂದು ನಿಗದಿಯಾದದ್ದು ಹತ್ತು ವರ್ಷ ಕಳೆದರೂ ಹಾಗೇ ನಿಂತಿತು. ಕಾಕಾನ ಡಬ್ಬಿಗೇ ಅದು ಸಾಲುವುದಿಲ್ಲ.

“ಖಾಸಗಿಯವರು ಬರಲಿ, ದಾಂಡೇಲಿಯ ಹವೆ ಒಳ್ಳೆಯದು, ನಿವೃತ್ತರಿಗೆ ವಿಲ್ಲಾ ಕಟ್ಟಲಿ” ಎಂಬ ಸಲಹೆಯೂ ಬಂತು. ಬರಲಿ, ನನ್ನ ತಕರಾರಿಲ್ಲ. ಕೊಯಮತ್ತೂರು, ಬೆಂಗಳೂರಿನಲ್ಲಿ ಅಂಥವು ಚೆನ್ನಾಗಿಯೇ ಬೆಳೆದಿವೆ, 2019ರಲ್ಲಿ ಕೇಂದ್ರ ಸರ್ಕಾರ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆದರೆ ಅಲ್ಲಿಗೆ ಬರುವವರು ಬೇರೆ ಊರಿನ ಹಣವಂತ ಹಿರಿಯರು. ಇಲ್ಲಿಯ ಹೋಂಸ್ಟೇಗಳಲ್ಲಿ ನಮ್ಮ ಹುಡುಗರಿಗೆ ಸಿಕ್ಕಂತೆ ಅಲ್ಲಿ ನಮ್ಮವರಿಗೆ ಸಿಗುವುದು ಕೆಲಸ ಮಾತ್ರ, ಕೋಣೆಯಲ್ಲ.

“ಮೊದಲು ದೊಡ್ಡ ಆಸ್ಪತ್ರೆ ಆಗಲಿ” ಎಂಬ ಮಾತಿಗೆ ನಾನೂ ದನಿಗೂಡಿಸುತ್ತೇನೆ. ಎದೆನೋವು ಬಂದರೆ ಧಾರವಾಡ, ಹುಬ್ಬಳ್ಳಿಗೆ ಓಡಬೇಕಾದ ಜಿಲ್ಲೆ ನಮ್ಮದು, ಆ ಹೋರಾಟದಲ್ಲಿ ನಾನೂ ನಿಂತಿದ್ದೇನೆ. ಆದರೆ ಬಿ.ಪಿ. ಗುಳಿಗೆ ತಪ್ಪದೆ ಸಿಕ್ಕರೆ ಎಷ್ಟೋ ಮಂದಿ ಆ ಆಂಬ್ಯುಲೆನ್ಸ್ ಹತ್ತಬೇಕಾಗಿಯೇ ಇರುವುದಿಲ್ಲ. ಒಂದು ಆಗುವ ತನಕ ಇನ್ನೊಂದು ಕಾಯಬೇಕಿಲ್ಲ.

ದುಡ್ಡೆಲ್ಲಿ ಎಂದು ಕೇಳಿದರು ಪಂಚಾಯ್ತಿಯವರು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ನಾಲ್ಕು ಸಾವಿರ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳನ್ನು ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುವ ವ್ಯವಸ್ಥೆ ಅದು. ಕೂಸಿಗೆ ಆಗುವುದು ಅಜ್ಜಿಗೆ ಏಕೆ ಆಗಬಾರದು? ಕೇರಳದಲ್ಲಿ 2008ರಲ್ಲೇ ಉಪಶಮನ ಆರೈಕೆಗೆ ನೀತಿ ಬಂತು. ಅಲ್ಲಿ ಪಂಚಾಯ್ತಿಯ ನರ್ಸು ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆದು ಬರುತ್ತಾಳೆ, ಊರವರು ಜೊತೆಗೂಡುತ್ತಾರೆ. ನಮ್ಮಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೋಣೆಗಳಿವೆ, ಸ್ವಸಹಾಯ ಸಂಘದ ಹೆಂಗಸರಿದ್ದಾರೆ. ಹೊಸ ಕಟ್ಟಡ ನಾನು ಕೇಳಿಲ್ಲ. ಬಚ್ಚಲಿಗೆ ಹಿಡಿಕೆ, ಹೊಸ್ತಿಲಿಗೆ ಇಳಿಜಾರು, ಒಂದು ಗ್ಯಾಸ್ ಒಲೆ, ಅಡುಗೆಯವಳಿಗೆ ತಿಂಗಳ ಪಗಾರ ಕೇಳಿದ್ದೇನೆ.

ಕೊನೆಯದು ಹಳಿಯಾಳದ ಹಿರಿಯರೊಬ್ಬರದು: “ಇಷ್ಟೆಲ್ಲ ಮಾಡಿದರೂ ಯಾರೂ ಬರುವುದಿಲ್ಲ. ನಮ್ಮ ಜನಕ್ಕೆ ಮರ್ಯಾದೆ ಅಡ್ಡ ಬರುತ್ತದೆ.”

ಪಿಂಚಣಿ ತೆಗೆಯುವ ದಿನ ಅಂಚೆ ಕಚೇರಿಯ ಮುಂದೆ ಬಂದು ನೋಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ಹಣ ಕೈಗೆ ಸಿಗುವುದು ಮಧ್ಯಾಹ್ನಕ್ಕೆ ಎಂದು ಗೊತ್ತಿದ್ದರೂ ಒಂಬತ್ತಕ್ಕೇ ಬಂದು ಕಟ್ಟೆ ಹಿಡಿಯುತ್ತಾರೆ. ಒಬ್ಬರ ಎಲೆಅಡಿಕೆ ಚೀಲ ನಾಲ್ವರ ಕೈ ದಾಟುತ್ತದೆ. ಸವೆದ ಹೆಬ್ಬೆಟ್ಟನ್ನು ಯಂತ್ರ ಹಿಡಿಯದಿದ್ದರೆ ಪಕ್ಕದವಳು ತನ್ನ ಸೆರಗಿನಿಂದ ಒರೆಸಿ ಮತ್ತೆ ಒತ್ತಿಸುತ್ತಾಳೆ. ಕನ್ನಡ, ಮರಾಠಿ, ಕೊಂಕಣಿ ಎಲ್ಲ ಕೂಡಿ ಮಾತು ಸಾಗುತ್ತದೆ. ಹಣ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೂ ಎರಡು ಗಂಟೆಯ ಬಸ್ಸು ಬಿಟ್ಟು ನಾಲ್ಕರ ಬಸ್ಸಿಗೆ ಹೋಗುತ್ತಾರೆ. ನನ್ನ ಅವ್ವನೂ ನಡೆದಾಡುತ್ತಿದ್ದ ದಿನಗಳಲ್ಲಿ ಹಾಗೇ ಮಾಡುತ್ತಿದ್ದಳು. ಏಕೆ ಇಷ್ಟು ತಡ ಎಂದು ಕೇಳಿದರೆ, ಸಾಲು ದೊಡ್ಡದಿತ್ತು ಎನ್ನುತ್ತಿದ್ದಳು.