ಹ್ಯಾಮರ್: ಬಿಡುವ ಗಳಿಗೆಯ ಲೆಕ್ಕ

1988ರಿಂದ 1990ರವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತು ‘ಮಹಾಭಾರತ’ ನೋಡಿದ ಹಿರಿಯರಿಗೆ ಅದರ ಭೀಮ ಇನ್ನೂ ಕಣ್ಣಿಗೆ ಕಟ್ಟಿದಂತಿರುತ್ತಾನೆ. ಆ ಎತ್ತರ, ಆ ಭುಜ, ಹೆಗಲ ಮೇಲಿನ ಆ ಗದೆ! ಆ ಪಾತ್ರ ಮಾಡಿದ ಪ್ರವೀಣ್ ಕುಮಾರ್ ಸೋಬ್ತಿ ಅವರು ನಟರಾಗುವ ಮೊದಲು ದೇಶದ ದೊಡ್ಡ ಎಸೆತಗಾರರಾಗಿದ್ದರು ಎಂಬುದು ಎಷ್ಟೋ ಜನರಿಗೆ ತಿಳಿಯದು. 1966ರಲ್ಲಿ ಕಿಂಗ್‌ಸ್ಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹ್ಯಾಮರ್ ಎಸೆದು ಬೆಳ್ಳಿ ಗೆದ್ದರು. ಅದೇ ವರ್ಷ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಡಿಸ್ಕಸ್‌ನಲ್ಲಿ ಚಿನ್ನ, ಹ್ಯಾಮರ್‌ನಲ್ಲಿ ಕಂಚು ಪಡೆದರು. ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದ ಅವರು 2022ರಲ್ಲಿ ತೀರಿಕೊಂಡರು.

ಭೀಮನ ಗದೆಯನ್ನು ಕನ್ನಡ ಕಾವ್ಯದಲ್ಲಿ ಅಮರಗೊಳಿಸಿದ ರನ್ನ ಮುಧೋಳದವನು. ಆ ಸೀಮೆಗೆ ಬಲವೇನೂ ಹೊಸದಲ್ಲ. ಜಮಖಂಡಿಯ ಕಡೆ ಕುಸ್ತಿ, ಗರಡಿ ಎಂದರೆ ಇಂದಿಗೂ ಜನ ಕಿವಿ ನಿಮಿರಿಸುತ್ತಾರೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಲು ಮಂದಿ ಮುಗಿಬೀಳುತ್ತಾರೆ. ಹಾಗಾದರೆ ಇಂಥ ಕಡೆಯ ಗಟ್ಟಿಮುಟ್ಟಾದ ಹುಡುಗನ ಕೈಗೆ ಒಂದು ಹ್ಯಾಮರ್ ಕೊಟ್ಟರೆ ಸಾಕಲ್ಲ ಎಂದು ತಂದೆತಾಯಿಗಳಿಗೆ ಅನ್ನಿಸಬಹುದು. ಸಾಲದು. ಗದೆಯನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದಿರಬೇಕು, ಹ್ಯಾಮರನ್ನು ಬಿಡಬೇಕು. ಕಷ್ಟವಿರುವುದೆಲ್ಲ ಆ ಬಿಡುವುದರಲ್ಲಿ.

ಹೆಸರು ಹ್ಯಾಮರ್ ಎಂದಿದ್ದರೂ ಅದು ಸುತ್ತಿಗೆಯಲ್ಲ. ಒಂದು ಲೋಹದ ಗುಂಡು, ಅದಕ್ಕೆ ಉಕ್ಕಿನ ತಂತಿ, ತಂತಿಯ ತುದಿಗೆ ಹಿಡಿಕೆ. ಗಂಡಸರಿಗೆ ಇದರ ತೂಕ 7.26 ಕಿಲೋ, ಹೆಂಗಸರಿಗೆ 4 ಕಿಲೋ. ಹಿಡಿಕೆಯಿಂದ ಗುಂಡಿನವರೆಗೆ ಸುಮಾರು ನಾಲ್ಕು ಅಡಿ ಉದ್ದ. ಇದನ್ನು ಹಿಡಿದವನು ಏಳು ಅಡಿ ವ್ಯಾಸದ ವೃತ್ತದೊಳಗೇ ಮೂರೋ ನಾಲ್ಕೋ ಸುತ್ತು ತಿರುಗಿ ಎಸೆಯಬೇಕು. ಕಾಲು ವೃತ್ತದ ಹೊರಗೆ ಬಿದ್ದರೆ ಎಸೆತ ಲೆಕ್ಕಕ್ಕಿಲ್ಲ.

ನೋಡದವರಿಗೆ ಇದು ವಿಚಿತ್ರವೆನ್ನಿಸೀತು. ಆದರೆ ಬೀಳಗಿಯ ಜೋಳದ ಹೊಲಗಳನ್ನು ಬಲ್ಲ ಅಜ್ಜಂದಿರಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದವರು ಅವರು. ಕವಣೆಯನ್ನು ತಲೆಯ ಮೇಲೆ ತಿರುಗಿಸಿ ಒಂದು ಎಳೆಯನ್ನು ಬಿಟ್ಟರೆ ಕಲ್ಲು ಸುಂಯ್ಯೆಂದು ಹೋಗುತ್ತದೆ. ಯಾವ ದಿಕ್ಕಿಗೆ? ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆಯುವ ವಿದ್ಯಾರ್ಥಿಗಳು ಬಹಳ. ಕಲ್ಲು ಕೇಂದ್ರದಿಂದ ನೇರ ಹೊರಕ್ಕೆ ಹಾರುತ್ತದೆಂದು ಬರೆಯುತ್ತಾರೆ. ಹಾಗಲ್ಲ. ಬಿಟ್ಟ ಗಳಿಗೆಯಲ್ಲಿ ಅದು ಯಾವ ಕಡೆ ಚಲಿಸುತ್ತಿತ್ತೋ ಅದೇ ಕಡೆಗೆ, ಅಂದರೆ ವೃತ್ತದ ಸ್ಪರ್ಶಕದ ನೇರಕ್ಕೆ ಹೋಗುತ್ತದೆ. ಅದನ್ನು ಬಾಗಿಸಿ ವೃತ್ತದಲ್ಲಿ ಇಟ್ಟಿದ್ದುದು ಕೈಯ ಎಳೆತ, ಅದೇ ಕೇಂದ್ರಾಭಿಮುಖ ಬಲ. ಅದು ತಪ್ಪಿದೊಡನೆ ಕಲ್ಲು ತನ್ನ ದಾರಿ ತಾನು ಹಿಡಿಯುತ್ತದೆ.

ಈ ಎಳೆತ ಎಷ್ಟಿರುತ್ತದೆ? ಪಿಯುಸಿ ಓದುವವರು ಪೆನ್ಸಿಲ್ ತೆಗೆದುಕೊಳ್ಳಲಿ. ಗಾಳಿಯ ತಡೆಯನ್ನೂ ಕೈ ಬಿಟ್ಟ ಎತ್ತರವನ್ನೂ ಪಕ್ಕಕ್ಕಿಟ್ಟು, 45 ಡಿಗ್ರಿಯಲ್ಲಿ ಎಸೆದಿದ್ದೆಂದು ಹಿಡಿದರೆ ಒಂದು ಸುಲಭ ಸೂತ್ರ ಸಿಗುತ್ತದೆ: ಹ್ಯಾಮರಿನ ತೂಕವನ್ನು ಎಸೆತದ ದೂರದಿಂದ ಗುಣಿಸಿ, ಸುತ್ತುವ ತ್ರಿಜ್ಯದಿಂದ ಭಾಗಿಸಿ. 5 ಕಿಲೋ ಹ್ಯಾಮರನ್ನು 34 ಮೀಟರ್ ಎಸೆಯುವ ಹೈಸ್ಕೂಲು ಹುಡುಗನ ತ್ರಿಜ್ಯ 1.7 ಮೀಟರ್ ಇರಲಿ. ಬಿಡುವ ಕ್ಷಣದಲ್ಲಿ ಅವನ ಎರಡು ಕೈಗಳನ್ನು 100 ಕಿಲೋ ಭಾರ ಜಗ್ಗುತ್ತಿರುತ್ತದೆ. ಒಂದು ಕ್ವಿಂಟಲ್ ಜೋಳದ ಚೀಲ! 1986ರ ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ ಎಸೆದ 86.74 ಮೀಟರಿನ ವಿಶ್ವದಾಖಲೆಗೆ ಇದೇ ಲೆಕ್ಕ ಹಾಕಿದರೆ, ತ್ರಿಜ್ಯ 1.8 ಮೀಟರ್ ಎಂದಿಟ್ಟುಕೊಂಡು, ಮೂರೂವರೆ ಚೀಲ ಬರುತ್ತದೆ.

ಇನ್ನು ಸಮಯದ ಲೆಕ್ಕ. ಅಷ್ಟು ದೂರಕ್ಕೆ ಎಸೆಯುವಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 29 ಮೀಟರ್. ಆ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲಿ 39 ಪಾಲು. ಹ್ಯಾಮರ್ ಬೀಳಬೇಕಾದ ಜಾಗದ ಕೋನವೋ 34.92 ಡಿಗ್ರಿ ಮಾತ್ರ, ಅಂದರೆ ಇಡೀ ಸುತ್ತಿನ ಹತ್ತರಲ್ಲೊಂದು ಪಾಲು. ಹಾಗಾಗಿ ಸರಿಯಾಗಿ ಬಿಡಲು ಸಿಗುವ ಅವಕಾಶ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿಗಿಂತ ಕಡಿಮೆ. ಅದರಲ್ಲೂ ಎಸೆಯುವವನು ಬೆನ್ನು ತಿರುಗಿಸಿ ನಿಂತು ಆರಂಭಿಸುತ್ತಾನೆ. ಅವಸರಕ್ಕೋ ತಡಕ್ಕೋ ಬಿಟ್ಟರೆ ಗುಂಡು ಪಕ್ಕಕ್ಕೆ ನುಗ್ಗುತ್ತದೆ. ವೃತ್ತದ ಸುತ್ತ ಎತ್ತರದ ಬಲೆಯ ಪಂಜರ ಕಟ್ಟುವುದು ಈ ಕಾರಣಕ್ಕೆ. ಅದರ ಎತ್ತರ ಕನಿಷ್ಠ 7 ಮೀಟರ್, ಎದುರಿನ ಎರಡು ಬಾಗಿಲುಗಳ ಬಳಿ 10 ಮೀಟರ್.

ಎಸೆಯುವವನಿಗೆ ಕಾಣದ್ದನ್ನು ಕಾಣುವವನು ತರಬೇತುದಾರ. ಯಾವ ಪಾದ ಮೊದಲು ನೆಲ ಮುಟ್ಟಿತು, ತೋಳು ಎಲ್ಲಿ ಮಡಚಿತು, ಗುಂಡನ್ನು ಹುಡುಗ ಭುಜದಿಂದ ಎಳೆದನೋ ಕಾಲಿನಿಂದ ತಿರುಗಿಸಿದನೋ, ಎಲ್ಲ ಅವನ ಕಣ್ಣಿಗೆ ಬೀಳಬೇಕು. ರಬಕವಿ–ಬನಹಟ್ಟಿಯ ಕೈಮಗ್ಗದ ಮುಂದೆ ಕುಳಿತ ನೇಕಾರರನ್ನು ಗಮನಿಸಿ. ಕಾಲಿನ ತುಳಿತ ಮೊದಲು, ಲಾಳಿಯ ಓಟ ಆಮೇಲೆ. ಕೈ ಅವಸರ ಮಾಡಿದರೆ ನೂಲು ಹರಿಯುತ್ತದೆ. ಹ್ಯಾಮರಿನಲ್ಲೂ ಕಾಲು ಮುಂದೆ, ಕೈ ಹಿಂದೆ. ತೋಳಿನ ಬಲವನ್ನೇ ನೆಚ್ಚಿಕೊಂಡ ಹುಡುಗರು ಇಲ್ಲಿಯೇ ಎಡವುವುದು.

ಸೆಡಿಖ್ ಕಲಿತದ್ದು ಅನತೋಲಿ ಬೊಂಡಾರ್ಚುಕ್ ಅವರ ಬಳಿ. ಬೊಂಡಾರ್ಚುಕ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ತಾವೇ ಚಿನ್ನ ಗೆದ್ದವರು. ನಾಲ್ಕು ವರ್ಷಗಳ ನಂತರ ಮಾಂಟ್ರಿಯಲ್‌ನಲ್ಲಿ ಗುರುಶಿಷ್ಯರಿಬ್ಬರೂ ಕಣದಲ್ಲಿದ್ದರು. 21 ವರ್ಷದ ಶಿಷ್ಯನಿಗೆ ಚಿನ್ನ, ಗುರುವಿಗೆ ಕಂಚು! ತನ್ನನ್ನು ಸೋಲಿಸುವಂತೆ ಕಲಿಸುವುದು ಎಲ್ಲ ಗುರುಗಳಿಗೂ ಒಗ್ಗುವ ಮಾತಲ್ಲ. ಬೊಂಡಾರ್ಚುಕ್ ಮುಂದೆ ಕೆನಡಾದ ಕ್ಯಾಮ್ಲೂಪ್ಸ್‌ನಲ್ಲಿ ನೆಲೆಸಿ ಅಲ್ಲಿ ಗುಂಡು ಎಸೆತಗಾರ ಡೈಲನ್ ಆರ್ಮ್‌ಸ್ಟ್ರಾಂಗ್ ಅವರನ್ನು ತಯಾರು ಮಾಡಿದರು. ಆ ಆರ್ಮ್‌ಸ್ಟ್ರಾಂಗ್ ಕಲಿಸಿದ ಈಥನ್ ಕಾಟ್ಸ್‌ಬರ್ಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 84.12 ಮೀಟರ್ ಎಸೆದು ಹ್ಯಾಮರ್ ಚಿನ್ನ ಗೆದ್ದರು. ವಿದ್ಯೆ ಹೀಗೆ ಮೂರು ತಲೆಮಾರು ದಾಟಿತು.

ಜಪಾನಿನ ಮುರೊಫುಶಿ ಮನೆತನದಲ್ಲಿ ಇದು ತಂದೆಯಿಂದ ಮಗನಿಗೆ ಬಂತು. ತಂದೆ ಶಿಗೆನೊಬು 1970ರಿಂದ 1986ರವರೆಗೆ, ನಮ್ಮ ದೆಹಲಿಯ 1982ರ ಕೂಟವೂ ಸೇರಿ, ಸತತ ಐದು ಏಷ್ಯನ್ ಕ್ರೀಡಾಕೂಟಗಳಲ್ಲಿ ಹ್ಯಾಮರ್ ಚಿನ್ನ ಗೆದ್ದರು. ತಂದೆಯ ರಾಷ್ಟ್ರೀಯ ದಾಖಲೆಯನ್ನು ಮಗ ಕೋಜಿ 1998ರಲ್ಲಿ ಮುರಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲು ಬಂದವನು ಉದ್ದೀಪನ ಮದ್ದಿನ ನಿಯಮ ಮುರಿದು ಪದಕ ಕಳೆದುಕೊಂಡಾಗ ಚಿನ್ನ ಕೋಜಿಗೆ ಬಂತು. ಎಸೆತಗಾರರ ನಡುವೆ ಅವರದು ದೈತ್ಯ ದೇಹವಲ್ಲ. ತಮ್ಮ ಎಸೆತದ ವಿಜ್ಞಾನವನ್ನೇ ಓದಿ ಡಾಕ್ಟರೇಟ್ ಪಡೆದವರು ಅವರು.

ಕನ್ನಡಿಗರಲ್ಲೂ ಇಂಥ ತಂದೆಮಕ್ಕಳ ಜೋಡಿ ಉಂಟು. ಆದರೆ ಅವರ ಕೈಯಲ್ಲಿದ್ದುದು ಹ್ಯಾಮರ್ ಅಲ್ಲ, ಡಿಸ್ಕಸ್. 1983ರಲ್ಲಿ ಮೈಸೂರಿನಲ್ಲಿ ಹುಟ್ಟಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೆಳೆದ ವಿಕಾಸ್ ಗೌಡ ಅವರಿಗೆ ತಂದೆ ಶಿವೇಗೌಡರೇ ಮೊದಲ ಗುರು. ವಿಕಾಸ್ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಎಸೆದರು. ಲಂಡನ್ನಿನಲ್ಲಿ 2012ರಲ್ಲಿ ಫೈನಲ್ ತಲುಪಿ ಎಂಟನೆಯವರಾದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಅಥ್ಲೆಟಿಕ್ಸ್‌ನಲ್ಲಿ ಭಾರತದ ಪುರುಷನೊಬ್ಬನಿಗೆ ಆ ಕೂಟದಲ್ಲಿ ಚಿನ್ನ ಸಿಕ್ಕಿದ್ದು ಆಗಲೇ. ಆ ವೇಳೆಗೆ ವಿಕಾಸ್‌ಗೆ 31 ವರ್ಷ. ಇಪ್ಪತ್ತಕ್ಕೇ ಫಲ ಕೇಳುವ ತಂದೆತಾಯಿಗಳು ಈ ವಯಸ್ಸನ್ನು ಗಮನಿಸಬೇಕು.

ಮಗನನ್ನು ಅಥವಾ ಮಗಳನ್ನು ಈ ಆಟಕ್ಕೆ ಕಳುಹಿಸುವ ಮುನ್ನ ತಂದೆತಾಯಿಗಳು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 2019ರ ಅಕ್ಟೋಬರ್‌ನಲ್ಲಿ ಕೇರಳದ ಪಾಲಾದಲ್ಲಿ ಕಿರಿಯರ ಅಥ್ಲೆಟಿಕ್ಸ್ ಕೂಟ ನಡೆದಿತ್ತು. ಒಂದೇ ಮೈದಾನದಲ್ಲಿ ಏಕಕಾಲಕ್ಕೆ ಜಾವೆಲಿನ್ ಮತ್ತು ಹ್ಯಾಮರ್ ಎಸೆತಗಳು ಸಾಗಿದ್ದವು. ಜಾವೆಲಿನ್ ಎತ್ತಿಕೊಡಲು ಸ್ವಯಂಸೇವಕನಾಗಿ ನಿಂತಿದ್ದ ಶಾಲಾ ವಿದ್ಯಾರ್ಥಿಯ ತಲೆಗೆ ಹ್ಯಾಮರ್ ಬಡಿಯಿತು. ಕೆಲವು ದಿನಗಳ ಬಳಿಕ ಆ ಹುಡುಗ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಅವನು ಎಸೆಯಲು ಬಂದವನಲ್ಲ, ನೆರವಿಗೆ ನಿಂತವನು. ಆದ್ದರಿಂದ ಪಂಜರವಿಲ್ಲದ ಮೈದಾನದಲ್ಲಿ ಯಾರಾದರೂ ಹ್ಯಾಮರ್ ಕೊಟ್ಟರೆ ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ. ಗುಂಡು ನೆಲಕ್ಕೆ ಬೀಳುವವರೆಗೆ ಆ ಕಡೆ ಯಾರೂ ಕಾಲಿಡಬಾರದು. ತಂತಿ ಸವೆದಿದೆಯೇ, ಹಿಡಿಕೆ ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಬಾರಿ ನೋಡಬೇಕು. ಬಿಡುವ ಮೊದಲೇ ತಂತಿ ಹರಿದರೆ ಎಸೆಯುವವನ ಲೆಕ್ಕವೂ ಇಲ್ಲ, ಪಂಜರದ ಬಾಗಿಲಿನ ಲೆಕ್ಕವೂ ಇಲ್ಲ.

ಒಳ್ಳೆಯ ತರಬೇತುದಾರ ಮೊದಲ ದಿನಗಳಲ್ಲಿ ಹ್ಯಾಮರನ್ನೇ ತೋರಿಸುವುದಿಲ್ಲ. ಬರಿಗೈಯಲ್ಲಿ ಕಾಲು ತಿರುಗಿಸುವುದಷ್ಟೇ ಪಾಠ. ಬಲಗೈಯವರಾದರೆ ಎಡ ಹಿಮ್ಮಡಿಯ ಮೇಲೆ ತಿರುಗಿ, ಪಾದದ ಹೊರ ಅಂಚಿನ ಮೇಲೆ ಉರುಳಿ, ಬಲಗಾಲನ್ನು ಬೇಗ ನೆಲಕ್ಕೆ ಊರಬೇಕು. ಸಿಮೆಂಟು ನೆಲದ ಮೇಲೆ ಸುಣ್ಣದ ಗೆರೆ ಎಳೆದು ನೂರಾರು ಸಲ ಇದನ್ನೇ ಮಾಡಿಸುತ್ತಾರೆ. ತಲೆ ಸುತ್ತುತ್ತದೆ, ಬೇಸರ ಬರುತ್ತದೆ. ಆಮೇಲೆ ಒಂದು ಕೋಲು, ಆಮೇಲೆ ಚೀಲದಲ್ಲಿ ಕಟ್ಟಿದ ಚೆಂಡು, ಅದಕ್ಕೂ ಆಮೇಲೆ 3 ಕಿಲೋದ ಹಗುರ ಹ್ಯಾಮರ್, ಎಡಗೈಗೊಂದು ಚರ್ಮದ ಕೈಗವಸು. ಗರಡಿಮನೆಯ ಹಳೆಯ ವಸ್ತಾದರ ರೀತಿಯೂ ಇದೇ. ಹೊಸದಾಗಿ ಬಂದ ಹುಡುಗ ಮೊದಲು ಕೆಮ್ಮಣ್ಣು ಹದ ಮಾಡಬೇಕು, ಬೈಠಕ್ ಹೊಡೆಯಬೇಕು. ಮೂಲೆಯಲ್ಲಿಟ್ಟ ಕಲ್ಲಿನ ಕಡೆ ಅವನು ಕಣ್ಣು ಹಾಯಿಸಿದರೂ ವಸ್ತಾದರು ನೋಡದವರಂತೆ ಸುಮ್ಮನಿರುತ್ತಾರೆ.